ಜ್ವರ ಬಿಟ್ಟ ಮೇಲೂ ಬಿಡದ ಕೆಮ್ಮು

(ರೈತರ ತರಬೇತಿ ಶಿಬಿರವೊಂದರಲ್ಲಿ ವೈದ್ಯರು ಮಾಡಿದ ಭಾಷಣದ ಬರಹರೂಪ)



ಬೆಳಿಗ್ಗೆಯಿಂದ ಈ ಶಿಬಿರದಲ್ಲಿ ತಾವು ಬೀಜೋಪಚಾರ, ಗೊಬ್ಬರ, ಕೀಟಗಳ ಹತೋಟಿ ಮುಂತಾದ ವಿಷಯಗಳನ್ನು ಕೇಳಿದ್ದೀರಿ. ಬೆಳೆಯ ಮಾತು ಮುಗಿದ ಮೇಲೆ ಬೆಳೆಯುವವನ ಮಾತನ್ನೂ ಸ್ವಲ್ಪ ಆಡಬೇಕೆಂದು ವ್ಯವಸ್ಥಾಪಕರು ನನ್ನನ್ನು ಕರೆಸಿದ್ದಾರೆ. ನಾನು ಆರಿಸಿಕೊಂಡಿರುವುದು ಬಹಳ ಸಾಮಾನ್ಯವಾದ ಒಂದು ತೊಂದರೆ. ನೆಗಡಿಯೋ, ಫ್ಲೂ ಜ್ವರವೋ, ಕೋವಿಡ್ಡೋ ಬರುತ್ತದೆ. ನಾಲ್ಕೈದು ದಿನಗಳಲ್ಲಿ ಜ್ವರ ಬಿಡುತ್ತದೆ, ಕೆಮ್ಮು ಉಳಿಯುತ್ತದೆ. ರಾತ್ರಿ ಮಲಗಿದರೆ ಕೆಮ್ಮು, ನಕ್ಕರೆ ಕೆಮ್ಮು, ನಸುಕಿನ ತಣ್ಣನೆ ಗಾಳಿಗೆ ಬಾಗಿಲು ತೆರೆದರೆ ಕೆಮ್ಮು. ಒಂದೇ ಉಸಿರಿಗೆ ಹೊಲದ ದಿಬ್ಬ ಏರುತ್ತಿದ್ದವನು ನಡುವೆ ಎರಡು ಕಡೆ ನಿಂತು ಸುಧಾರಿಸಿಕೊಳ್ಳಬೇಕಾಗುತ್ತದೆ.

ಈ ತೊಂದರೆ ಹೊಸದೇನೂ ಅಲ್ಲ. ಆದರೆ ಕೋವಿಡ್ ಬಂದ ಮೇಲೆ ಜನರಿಗೆ ಕೆಮ್ಮು ಎಂದರೆ ಹೆದರಿಕೆ ಹೆಚ್ಚಾಗಿದೆ. ಅದು ಸಹಜವೇ. 2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಳ್ಳಿ ಹಳ್ಳಿಗಳಲ್ಲಿ ಏನಾಯಿತೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಆ ನೆನಪಿನಿಂದ ಕೆಲವರು ಹತ್ತು ದಿನ ಕೆಮ್ಮಿದರೆ ಸಾಕು, ಶ್ವಾಸಕೋಶವೇ ಹಾಳಾಯಿತೆಂದು ಕುಗ್ಗಿಹೋಗುತ್ತಾರೆ. ಇನ್ನು ಕೆಲವರು ಇದಕ್ಕೆ ತೀರ ವಿರುದ್ಧ. ಜ್ವರ ಬಿಟ್ಟ ಮರುದಿನವೇ ಕಣದಲ್ಲಿ ನಿಂತು ರಾಗಿ ತೂರುತ್ತಾರೆ, ತೊಗರಿ ರಾಶಿ ಮಾಡುತ್ತಾರೆ. ಅವರ ಕೆಮ್ಮು ಎರಡು ತಿಂಗಳಾದರೂ ಹೋಗುವುದಿಲ್ಲ. ಇವರಿಬ್ಬರೂ ತಿಳಿಯಬೇಕಾದದ್ದು ಒಂದೇ: ವೈರಸ್ ಮಾಡಿದ ಗಾಯವನ್ನು ದೇಹ ತಾನೇ ಮಾಯಿಸಿಕೊಳ್ಳುತ್ತದೆ, ಆದರೆ ನಮ್ಮ ಕಸುಬಿನ ಧೂಳು ಮತ್ತು ಹೊಗೆ ಆ ಗಾಯವನ್ನು ದಿನವೂ ಕೆದಕುತ್ತವೆ.

ಕೆಮ್ಮು ಏಕೆ ಉಳಿಯುತ್ತದೆ?

ಮೂಗಿನಿಂದ ಶ್ವಾಸಕೋಶದವರೆಗಿನ ಗಾಳಿಯ ಕೊಳವೆಯ ಒಳಮೈ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಸಸಿಮಡಿಯಲ್ಲಿ ಒತ್ತಾಗಿ ನಿಂತ ಭತ್ತದ ಪೈರು ಗಾಳಿಗೆ ಒಂದೇ ಕಡೆಗೆ ಬಾಗುವುದನ್ನು ನೋಡಿದ್ದೀರಲ್ಲ, ಹಾಗೆ ಈ ರೋಮಗಳು ಒಂದೇ ದಿಕ್ಕಿಗೆ ಬೀಸುತ್ತಾ ಕಫವನ್ನೂ ಅದರಲ್ಲಿ ಸಿಕ್ಕಿದ ಧೂಳನ್ನೂ ಗಂಟಲ ಕಡೆಗೆ ತಳ್ಳುತ್ತವೆ. ವೈರಸ್ಸು ಮೊದಲು ಹಾಳುಮಾಡುವುದು ಈ ಪೈರನ್ನೇ. ಜ್ವರ ಇಳಿದಾಗ ವೈರಸ್ಸಿನ ಆಟ ಮುಗಿದಿರುತ್ತದೆ, ಆದರೆ ಪೈರು ಮತ್ತೆ ಎದ್ದು ನಿಲ್ಲಲು ವಾರಗಳು ಬೇಕು. ಅಲ್ಲಿಯವರೆಗೆ ಕಫವನ್ನು ಮೇಲಕ್ಕೆ ತರಲು ದೇಹಕ್ಕೆ ಉಳಿದಿರುವ ಉಪಾಯ ಕೆಮ್ಮು ಒಂದೇ.

ಇನ್ನೊಂದು ಕಾರಣವೂ ಇದೆ. ಒಳಮೈ ಸವೆದಾಗ ಅದರ ಕೆಳಗಿರುವ ನರಗಳ ತುದಿಗಳು ಸೂಕ್ಷ್ಮವಾಗುತ್ತವೆ. ಮೊದಲು ತಿಳಿಯದೇ ಹೋಗುತ್ತಿದ್ದ ಒಗ್ಗರಣೆ ಘಾಟು ಈಗ ಕೆಮ್ಮು ಬರಿಸುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿದಾಗ ಹೊಸಬರು ಕೆಮ್ಮುತ್ತಾ ಹೊರಗೆ ಓಡುವುದನ್ನು ಕಂಡಿರಬಹುದು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತುವನ್ನೇ ವಿಜ್ಞಾನಿಗಳು ಕೆಮ್ಮಿನ ಪರೀಕ್ಷೆಗೂ ಉಪಯೋಗಿಸುತ್ತಾರೆ. ಎಷ್ಟು ಕಡಿಮೆ ಪ್ರಮಾಣಕ್ಕೆ ಕೆಮ್ಮು ಬರುತ್ತದೆಂದು ಅಳೆದು ನೋಡಿದಾಗ, ನೆಗಡಿ ಬಂದವರು ಆರೋಗ್ಯವಂತರಿಗಿಂತ ಬಹಳ ಕಡಿಮೆ ಪ್ರಮಾಣಕ್ಕೇ ಕೆಮ್ಮುವುದು ಕಂಡುಬಂದಿದೆ. ಆದ್ದರಿಂದ ಕೆಮ್ಮು ಇದೆ ಎಂದ ಮಾತ್ರಕ್ಕೆ ಒಳಗೆ ಇನ್ನೂ ರೋಗಾಣು ಇದೆ ಎಂದು ಅರ್ಥವಲ್ಲ.

ಸಾಮಾನ್ಯವಾಗಿ ಇಂಥ ಕೆಮ್ಮು 3ರಿಂದ 8 ವಾರಗಳೊಳಗೆ ತಾನಾಗಿ ಇಳಿಯುತ್ತದೆ. 8 ವಾರ ದಾಟಿದರೆ ಅದನ್ನು ದೀರ್ಘಕಾಲದ ಕೆಮ್ಮು ಎಂದು ಪರಿಗಣಿಸಿ ಬೇರೆ ಕಾರಣ ಹುಡುಕಬೇಕು. ಕೋವಿಡ್ ಬಂದವರಲ್ಲಿ ಕೆಲವರಿಗೆ ಆಯಾಸ, ಏದುಸಿರು ಇನ್ನೂ ಹೆಚ್ಚು ಕಾಲ ಉಳಿಯುವುದುಂಟು. ರೋಗ ಬಂದು 3 ತಿಂಗಳಾದರೂ ಇರುವ, ಕನಿಷ್ಠ 2 ತಿಂಗಳು ಮುಂದುವರಿದ, ಬೇರೆ ಕಾರಣ ಸಿಗದ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೋವಿಡ್ ನಂತರದ ಸ್ಥಿತಿ ಎಂದು ಪ್ರತ್ಯೇಕವಾಗಿ ಹೆಸರು ಕೊಟ್ಟಿತು. ಇದನ್ನು ಹೇಳುವುದೇಕೆಂದರೆ, "ಜ್ವರ ಹೋಗಿ ಎಷ್ಟು ಕಾಲವಾಯಿತು, ಇನ್ನೂ ಸುಸ್ತು ಅಂತಾನೆ, ಸೋಮಾರಿ" ಎಂಬ ಮಾತು ಮನೆಗಳಲ್ಲಿ ಕೇಳಿಬರುತ್ತದೆ. ಹೆಂಗಸರಿಗೆ ಆ ಮಾತು ಇನ್ನೂ ಬೇಗ ಬೀಳುತ್ತದೆ. ಅದು ಸೋಮಾರಿತನವಲ್ಲ.

ಮೊದಲು ಕಫದ ಪರೀಕ್ಷೆ

ಕೆಮ್ಮು ವೈರಸ್ಸಿನದೇ ಇರಬಹುದು, ತಾನಾಗಿ ಹೋಗಲೂಬಹುದು. ಆದರೂ ಎರಡು ವಾರ ದಾಟಿದ ಕೆಮ್ಮಿಗೆ ನಮ್ಮ ದೇಶದಲ್ಲಿ ಕ್ಷಯರೋಗದ ಪರೀಕ್ಷೆ ಮಾಡಿಸಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. "ಡಾಕ್ಟರೇ, ಹೋದ ತಿಂಗಳು ಫ್ಲೂ ಆಗಿತ್ತು, ಅದರದ್ದೇ ಕೆಮ್ಮು" ಎಂದು ಹೇಳಿಕೊಂಡು ನಾಲ್ಕು ತಿಂಗಳು ಕಳೆದವರಿದ್ದಾರೆ. ಅಷ್ಟರಲ್ಲಿ ಅದೇ ಮನೆಯಲ್ಲಿ ಮಲಗುವ ಮೊಮ್ಮಗುವಿಗೂ ಕ್ಷಯ ಅಂಟಿರಬಹುದು. ಸಂಜೆ ಹೊತ್ತು ಸಣ್ಣ ಜ್ವರ, ರಾತ್ರಿ ಮೈ ಬೆವರುವುದು, ತೂಕ ಇಳಿಯುವುದು, ಊಟ ಸೇರದಿರುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ಎರಡು ವಾರವೂ ಕಾಯಬಾರದು.

ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ. ಕೊಡಬೇಕಾದದ್ದು ಬಾಯಿಯ ಉಗುಳಲ್ಲ, ಎದೆಯಿಂದ ಕೆಮ್ಮಿ ತೆಗೆದ ಕಫ. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎರಡು ಮೂರು ಸಾರಿ ದೀರ್ಘವಾಗಿ ಉಸಿರೆಳೆದು ಕೆಮ್ಮಿದರೆ ಸರಿಯಾದ ಕಫ ಸಿಗುತ್ತದೆ. ಕ್ಷಯವೆಂದು ಗೊತ್ತಾದರೆ ಔಷಧಿಯೂ ಉಚಿತ. ಸಾಧಾರಣ ಕ್ಷಯಕ್ಕೆ 6 ತಿಂಗಳು ದಿನವೂ ತಪ್ಪದೆ ಮಾತ್ರೆ ತೆಗೆದುಕೊಳ್ಳಬೇಕು. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ರೋಗಿಯ ಬ್ಯಾಂಕ್ ಖಾತೆಗೆ ಹಣ ಹಾಕುವ ಯೋಜನೆ 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಆರಂಭವಾಯಿತು. 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿಗೆ ಏರಿಸಲಾಗಿದೆ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೆ ಅದೂ ಲಾಭವೇ. ನೆಮ್ಮದಿಯಿಂದ ಮುಂದಿನ ಉಪಚಾರ ಮಾಡಿಕೊಳ್ಳಬಹುದು.

ಇದೇ ಸಂದರ್ಭದಲ್ಲಿ ಇನ್ನೊಂದನ್ನು ಹೇಳಿಬಿಡುತ್ತೇನೆ. ರಕ್ತದೊತ್ತಡಕ್ಕೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್ ಎಂಬ ಗುಂಪಿನ ಮಾತ್ರೆಗಳು ಕೆಲವರಿಗೆ ಒಣಕೆಮ್ಮು ತರುತ್ತವೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಚೀಟಿಯನ್ನು ವೈದ್ಯರಿಗೆ ತೋರಿಸಿ. ನೀವಾಗಿಯೇ ನಿಲ್ಲಿಸಬೇಡಿ. ಬದಲಿ ಮಾತ್ರೆಗಳಿವೆ.

ಕಣ, ಬಣವೆ, ಒಲೆ

ಈಗ ನಮ್ಮ ಕಸುಬಿನ ಮಾತಿಗೆ ಬರೋಣ. ಪಟ್ಟಣದ ಗುಮಾಸ್ತನಿಗೆ ಫ್ಲೂ ಬಂದರೆ ಅವನು ವಾಪಸ್ಸು ಹೋಗುವುದು ಕುರ್ಚಿಗೆ. ರೈತ ವಾಪಸ್ಸು ಹೋಗುವುದು ಧೂಳಿಗೆ. ಅದೂ ಚಳಿಗಾಲದ ಜ್ವರಗಳ ಕಾಲ ಮತ್ತು ಸುಗ್ಗಿಯ ಕಾಲ ಒಂದೇ ಆಗಿರುವುದು ನಮ್ಮ ದುರದೃಷ್ಟ. ದಕ್ಷಿಣದಲ್ಲಿ ರಾಗಿ ಒಕ್ಕಣೆ, ಕಲಬುರಗಿ ಕಡೆ ತೊಗರಿ ರಾಶಿ, ವಿಜಯಪುರದಲ್ಲಿ ಸ್ವಲ್ಪ ತಡವಾಗಿ ಬಿಳಿಜೋಳ. ಸುಗ್ಗಿ ಯಾರಿಗೂ ಕಾಯುವುದಿಲ್ಲ, ಕೆಲಸ ಬಿಟ್ಟು ಮಲಗಿ ಎಂದು ಹೇಳಿದರೆ ನೀವು ಕೇಳುವುದೂ ಇಲ್ಲ. ಆದ್ದರಿಂದ ಕೆಲಸ ಹಂಚಿಕೊಳ್ಳಿ ಎನ್ನುತ್ತೇನೆ. ಕೆಮ್ಮು ಇರುವವರು ತೂರುವುದು, ಕಣ ಗುಡಿಸುವುದು, ಯಂತ್ರದ ಬಾಯಿಗೆ ಹೊರೆ ಕೊಡುವುದು, ಹೊಟ್ಟು ತುಂಬುವುದು ಇವನ್ನು ಆರೆಂಟು ವಾರ ಬೇರೆಯವರಿಗೆ ಬಿಡಿ. ಚೀಲ ಹೊಲಿಯುವುದು, ಲೆಕ್ಕ, ತೂಕ, ದನಗಳಿಗೆ ನೀರು ಇಂಥ ಕೆಲಸ ನೀವು ಇಟ್ಟುಕೊಳ್ಳಿ. ಮುಯ್ಯಾಳು ಪದ್ಧತಿ ಇನ್ನೂ ಉಳಿದಿರುವ ಊರುಗಳಲ್ಲಿ ಇದು ಕಷ್ಟವೇನಲ್ಲ.

ನಿಲ್ಲಲೇಬೇಕಾದರೆ ಗಾಳಿ ಬೀಸುವ ಕಡೆಗೆ ಬೆನ್ನು ಕೊಡದೆ, ಅಡ್ಡಲಾಗಿ ನಿಲ್ಲಿ. ಬೆನ್ನು ಕೊಟ್ಟು ನಿಂತರೆ ಧೂಳು ನಿಮ್ಮ ಮುಂದೆಯೇ ಸುಳಿದು ಮುಖಕ್ಕೆ ಬರುತ್ತದೆ. ಯಂತ್ರದ ಹೊಟ್ಟಿನ ಬಾಯಿ ಗಾಳಿ ಹೋಗುವ ದಿಕ್ಕಿಗಿರಲಿ. ಕಣದ ಸುತ್ತಲ ದಾರಿಗೆ ನೀರು ಚಿಮುಕಿಸಿದರೆ ಧೂಳು ಅರ್ಧಕ್ಕರ್ಧ ಏಳುವುದೇ ಇಲ್ಲ. ಮುಖಕ್ಕೆ ಕಟ್ಟುವ ಟವೆಲ್ಲು ದಪ್ಪ ಹೊಟ್ಟನ್ನು ತಡೆಯುತ್ತದೆಯೇ ಹೊರತು ಆಳಕ್ಕೆ ಇಳಿಯುವ ಸಣ್ಣ ಧೂಳನ್ನು ತಡೆಯುವುದಿಲ್ಲ. ಕೋವಿಡ್ ಕಾಲದಲ್ಲಿ ನೀವೆಲ್ಲ ನೋಡಿದ ಎನ್-95 ಮುಖಗವಸು ಮುಖಕ್ಕೆ ಬಿಗಿಯಾಗಿ ಕೂತರೆ ಈ ಕೆಲಸಕ್ಕೆ ಬಹಳ ಒಳ್ಳೆಯದು. ಆದರೆ ಅದನ್ನು ಹಾಕಿಕೊಂಡಾಗ ಏದುಸಿರು ಬರುವಷ್ಟು ತೊಂದರೆ ಇರುವವರು ಆ ಕೆಲಸಕ್ಕೇ ಹೋಗಬಾರದು.

ಮಳೆಗೆ ನೆನೆದು ಬೂಷ್ಟು ಹಿಡಿದ ಹುಲ್ಲಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬಣವೆಯ ಅಡಿಯ ಹುಲ್ಲನ್ನು ಕೆದರಿದಾಗ ಬಿಳಿ ಹೊಗೆಯಂತೆ ಏಳುವುದು ಬೂಷ್ಟಿನ ಬೀಜಕಣಗಳು. 1932ರಲ್ಲಿ ಇಂಗ್ಲೆಂಡಿನ ಕ್ಯಾಂಪ್‌ಬೆಲ್ ಎಂಬ ವೈದ್ಯರು ಇಂಥ ಹುಲ್ಲಿನಲ್ಲಿ ಕೆಲಸ ಮಾಡಿದ ರೈತರಿಗೆ ಬರುವ ಶ್ವಾಸಕೋಶದ ರೋಗವನ್ನು ವಿವರಿಸಿದರು. ಅದಕ್ಕೆ ರೈತನ ಶ್ವಾಸಕೋಶ ಎಂದೇ ಹೆಸರು ಬಂದಿದೆ. ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯಿಂದಲೂ ಇಂಥದೇ ರೋಗ ಬರುತ್ತದೆ. ಇದರ ಗುರುತು ಹೀಗೆ: ಹುಲ್ಲು ಕಿತ್ತ 4ರಿಂದ 8 ಗಂಟೆಗಳ ನಂತರ, ಅಂದರೆ ಬೆಳಿಗ್ಗೆ ಕೆಲಸ ಮಾಡಿದರೆ ಸಂಜೆಗೆ, ಚಳಿಜ್ವರ, ಕೆಮ್ಮು, ಏದುಸಿರು. ಮರುದಿನ ಕಡಿಮೆ. ಮತ್ತೆ ಹುಲ್ಲು ಮುಟ್ಟಿದರೆ ಮತ್ತೆ ಅದೇ. ರೈತ ಇದನ್ನು "ಫ್ಲೂ ಮರುಕಳಿಸಿತು" ಎಂದುಕೊಳ್ಳುತ್ತಾನೆ. ಹೀಗೆ ಆಗುತ್ತಿದ್ದರೆ ಯಾವ ದಿನ ಏನು ಕೆಲಸ ಮಾಡಿದಿರಿ ಎಂಬುದನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ಅರ್ಧ ರೋಗನಿದಾನ ಆ ಚೀಟಿಯಲ್ಲೇ ಆಗುತ್ತದೆ. ಹೊಲದ ಬದುಗಳಲ್ಲಿ ಹೂ ಬಿಟ್ಟು ನಿಂತಿರುವ ಪಾರ್ಥೇನಿಯಂ ಕಳೆಯ ಪರಾಗವೂ ಕೆಲವರಿಗೆ ಉಬ್ಬಸ ತರುತ್ತದೆ. ಅದನ್ನು ಹೂ ಬಿಡುವ ಮುಂಚೆಯೇ ಕೀಳಿಸಿ, ನೀವೇ ಕೀಳಬೇಡಿ.

ಕೀಟನಾಶಕ ಸಿಂಪಡಣೆ ಪೂರ್ತಿ ನಿಷಿದ್ಧವೆಂದು ತಿಳಿಯಿರಿ. ಆರ್ಗನೋಫಾಸ್ಫೇಟ್ ಗುಂಪಿನ ಔಷಧಿಗಳು ಒಳಗೆ ಹೋದರೆ ಗಾಳಿಯ ಕೊಳವೆಗಳು ಸಂಕುಚಿಸಿ ಕಫ ಸುರಿಯುತ್ತದೆ. ಆರೋಗ್ಯವಂತನಿಗೇ ಅಪಾಯಕರವಾದದ್ದು ಹುಣ್ಣಾದ ಕೊಳವೆಗೆ ಏನು ಮಾಡೀತು! ಎನ್-95 ಮುಖಗವಸು ಧೂಳಿಗೆ ಸರಿ, ಔಷಧಿಯ ಆವಿಯನ್ನು ಅದು ತಡೆಯುವುದಿಲ್ಲ.

ಹೆಣ್ಣುಮಕ್ಕಳ ಮಟ್ಟಿಗೆ ಧೂಳಿಗಿಂತ ಹೊಗೆ ದೊಡ್ಡದು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಬಂದಿತ್ತು, 2016ರಿಂದ ಉಜ್ವಲ ಯೋಜನೆಯ ಗ್ಯಾಸ್ ಬಂದಿದೆ. ಆದರೂ ಸಿಲಿಂಡರನ್ನು ಕಾಫಿಗೆ ಮಾತ್ರ ಇಟ್ಟುಕೊಂಡು ಮುದ್ದೆ, ಅನ್ನ, ಸ್ನಾನದ ನೀರು ಸೌದೆ ಒಲೆಯಲ್ಲೇ ಮಾಡುವ ಮನೆಗಳು ಅನೇಕ. ಖರ್ಚಿನ ಕಾರಣ ನನಗೆ ಗೊತ್ತಿದೆ. ಕೆಮ್ಮು ಇರುವಷ್ಟು ಕಾಲವಾದರೂ ಗ್ಯಾಸಿನಲ್ಲೇ ಅಡಿಗೆಯಾಗಲಿ, ನೀರಿನ ಹಂಡೆಯ ಒಲೆಯನ್ನು ಮನೆಯ ಗಂಡಸರು ಉರಿಸಲಿ. ಬೀಡಿ, ಸಿಗರೇಟಿನ ವಿಷಯ ಬೇರೆ ಹೇಳುವುದಿಲ್ಲ. ಜ್ವರದಲ್ಲಿ ನಾಲ್ಕು ದಿನ ಸೇದದೆ ಇದ್ದಿರಲ್ಲ, ಅದನ್ನೇ ಮುಂದುವರಿಸಿ.

ಉಸಿರು ಹಿಡಿತಕ್ಕೆ ತರುವುದು

ಏದುಸಿರು ಬಂದಾಗ ನಾವು ಮಾಡುವುದು ಬಾಯಿ ತೆರೆದು ಬೇಗ ಬೇಗ ಉಸಿರೆಳೆಯುವುದು. ಇದರಿಂದ ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗುವುದೇ ಇಲ್ಲ, ಹೊಸ ಗಾಳಿಗೆ ಜಾಗವಿಲ್ಲ, ಗಾಬರಿ ಹೆಚ್ಚುತ್ತದೆ. ಇದಕ್ಕೆ ಸುಲಭವಾದ ಒಂದು ಉಪಾಯವಿದೆ. ಜಗಲಿ ಕಟ್ಟೆಯ ಮೇಲೆ ಕೂತು ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿ. ಹೊಲದಲ್ಲಿದ್ದರೆ ಮರಕ್ಕೆ ಕೈ ಊರಿ ಬಾಗಿ ನಿಂತರೂ ಸರಿ. ಭುಜ ಸಡಿಲ ಬಿಡಿ. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರೆಳೆದು, ಬಿಸಿ ಅಂಬಲಿ ಆರಿಸುವಾಗ ಊದುವಂತೆ ತುಟಿ ಕಿರಿದು ಮಾಡಿ ನಾಲ್ಕು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಜೋರಾಗಿ ಊದಬಾರದು. ಎರಡು ಮೂರು ನಿಮಿಷದಲ್ಲಿ ಉಸಿರು ತಾಳಕ್ಕೆ ಬರುತ್ತದೆ. ಹೊರೆ ಎತ್ತುವಾಗ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಬೇಡಿ. ಶ್ರಮ ಬೀಳುವ ಗಳಿಗೆಯಲ್ಲಿ ಉಸಿರು ಹೊರಬಿಡಿ.

ಒಣಕೆಮ್ಮು ಬಂದಾಗ ಕೆಮ್ಮಿ ಕೆಮ್ಮಿ ತೀರಿಸಿಕೊಳ್ಳಲು ಹೋಗಬೇಡಿ. ಕೆಮ್ಮು ಗಂಟಲನ್ನು ಕೆರೆಯುತ್ತದೆ, ಕೆರೆದ ಗಂಟಲು ಮತ್ತೆ ಕೆಮ್ಮು ಬರಿಸುತ್ತದೆ. ಬಾಯಿ ಮುಚ್ಚಿ ಉಗುಳು ನುಂಗಿ, ಒಂದು ಗುಟುಕು ನೀರು ಕುಡಿದು, ಮೂಗಿನಿಂದಲೇ ಸಣ್ಣಗೆ ಉಸಿರಾಡಿ. ಕಫ ಇದ್ದರೆ ಮಾತು ಬೇರೆ. ಅದು ಹೊರಗೆ ಬರಬೇಕು. ಕನ್ನಡಿಯ ಮೇಲೆ "ಹಾ" ಎಂದು ಉಸಿರು ಬಿಟ್ಟು ಮಂಜು ಮಾಡುವಂತೆ ಎರಡು ಸಾರಿ ಮಾಡಿ ಆಮೇಲೆ ಕೆಮ್ಮಿದರೆ ಕಡಿಮೆ ಶ್ರಮದಲ್ಲಿ ಬರುತ್ತದೆ. ಪ್ರಾಣಾಯಾಮ ಮಾಡುವವರು ನಿಧಾನವಾದವನ್ನು ಮಾಡಬಹುದು. ಕಪಾಲಭಾತಿ, ಭಸ್ತ್ರಿಕದಂಥ ರಭಸದ ಕ್ರಿಯೆಗಳು ಈ ಕಾಲದಲ್ಲಿ ಕೆಮ್ಮನ್ನು ಕೆರಳಿಸುತ್ತವೆ, ಬಿಟ್ಟುಬಿಡುವುದೇ ಲೇಸು.

ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ನಡೆಯುತ್ತಾ ಜೊತೆಯವರೊಂದಿಗೆ ಮಾತಾಡಲು ಆಗುವಷ್ಟು ವೇಗ ಸರಿಯಾದ ವೇಗ. ಒಂದು ದಿನ ಚೆನ್ನಾಗಿದೆಯೆಂದು ಇಡೀ ದಿನ ಅಗೆದು, ಮರುದಿನ ಎದ್ದೇಳಲಾಗದೆ ಮಲಗಿದರೆ ಅದು ಹೆಚ್ಚಾಯಿತೆಂದು ಅರ್ಥ. ಮುಂದಿನ ಬಾರಿ ಅದರ ಅರ್ಧಕ್ಕೆ ನಿಲ್ಲಿಸಿ. ರಾತ್ರಿ ಪಾಳಿಯಲ್ಲಿ ಕರೆಂಟು ಬರುವ ಕಡೆ ಪಂಪ್‌ಸೆಟ್ ಹಾಕಲು ಚಳಿಯಲ್ಲಿ ಹೋಗುವುದನ್ನು ಮಗನಿಗೋ ಅಣ್ಣತಮ್ಮಂದಿರಿಗೋ ವಹಿಸಿ. ಹೋಗಲೇಬೇಕಾದರೆ ಮೂಗು ಬಾಯಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಳ್ಳಿ. ಉಸಿರಿನ ಗಾಳಿ ಅಷ್ಟಾದರೂ ಬೆಚ್ಚಗಾಗುತ್ತದೆ.

ಔಷಧಿಯ ಮಾತು

ಆಂಟಿಬಯೋಟಿಕ್ ಮಾತ್ರೆ ವೈರಸ್ಸಿನ ಮೇಲೆ ಕೆಲಸ ಮಾಡುವುದಿಲ್ಲ. ಜ್ವರ ಬಿಟ್ಟ ಮೇಲಿನ ಕೆಮ್ಮಿಗೆ ಅಂಗಡಿಯಿಂದ ಮೂರು ದಿನದ, ಐದು ದಿನದ ಮಾತ್ರೆ ತಂದು ನುಂಗುವುದು ಹಣ ಹಾಳು. ಅದಕ್ಕಿಂತ ಕೆಟ್ಟದ್ದು ಸ್ಟೆರಾಯ್ಡ್ ಮಾತ್ರೆ. ತಕ್ಷಣ ಹಾಯೆನಿಸುತ್ತದೆ, ಆದ್ದರಿಂದಲೇ ಅಪಾಯ. 2021ರಲ್ಲಿ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ಮಿತಿಮೀರಿ ಸ್ಟೆರಾಯ್ಡ್ ಪಡೆದಾಗ ಕಪ್ಪು ಶಿಲೀಂಧ್ರ ರೋಗ ಹೇಗೆ ಹಬ್ಬಿತೆಂದು ನೋಡಿದ್ದೇವೆ. ವೈದ್ಯರು ಬರೆದುಕೊಟ್ಟಾಗ, ಬರೆದಷ್ಟು ದಿನ ಮಾತ್ರ.

ಮನೆಮದ್ದಿನಲ್ಲಿ ಬೆಚ್ಚನೆಯ ನೀರು, ಉಪ್ಪುನೀರಿನ ಮುಕ್ಕಳಿಕೆ, ಮಲಗುವಾಗ ಒಂದು ಚಮಚ ಜೇನು ಒಳ್ಳೆಯವು. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಕಷಾಯ ಕುಡಿಯಿರಿ, ಆದರೆ ಮಿತಿ ಇರಲಿ: ಮೆಣಸು ಹೆಚ್ಚಾದರೆ ಎದೆಯುರಿ, ಜೇಷ್ಠಮಧು ವಾರಗಟ್ಟಲೆ ಹೆಚ್ಚು ತೆಗೆದುಕೊಂಡರೆ ರಕ್ತದೊತ್ತಡ ಏರುತ್ತದೆ. ಹಬೆ ತೆಗೆದುಕೊಳ್ಳುವಾಗ ಕುದಿಯುವ ಪಾತ್ರೆ ಉರುಳಿ ಮಕ್ಕಳು ಸುಟ್ಟುಕೊಂಡು ಬರುವುದನ್ನು ನಾವು ಕಾಣುತ್ತೇವೆ. ಮಕ್ಕಳಿಗೆ ಹಬೆ ಬೇಡ.

ಇವಿಷ್ಟರಲ್ಲಿ ಕಾಯಬಾರದ ಸಂದರ್ಭಗಳೂ ಇವೆ. ಕೂತಲ್ಲೇ ಏದುಸಿರು, ಒಂದು ವಾಕ್ಯ ಪೂರ್ತಿ ಹೇಳಲಾಗದಿರುವುದು, ತುಟಿ ನೀಲಿಯಾಗುವುದು, ಎದೆನೋವು, ಮಂಪರು ಇದ್ದರೆ 108ಕ್ಕೆ ಫೋನ್ ಮಾಡಿ. ಒಂದೇ ಕಾಲು ಊದಿಕೊಂಡು ಜೊತೆಗೆ ಏದುಸಿರು ಬಂದರೆ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರುವ ಸಂಭವವಿದೆ. ಅದಕ್ಕೂ ತಡ ಮಾಡಬಾರದು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುವುದು ಹೃದಯದ ತೊಂದರೆಯಿರಬಹುದು. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಮನೆಯಲ್ಲಿದ್ದರೆ ಹೊರಗೆ ತೆಗೆಯಿರಿ. ಸುಮ್ಮನೆ ಕೂತಾಗ 94 ಅಥವಾ ಹೆಚ್ಚು ತೋರಿಸಬೇಕು. ಅದಕ್ಕಿಂತ ಕಡಿಮೆಯಿದ್ದರೆ ಅಂದೇ ವೈದ್ಯರನ್ನು ಕಾಣಿ. ಬೆರಳು ತಣ್ಣಗಿದ್ದರೆ, ಗೋರಂಟಿ ಹಚ್ಚಿದ್ದರೆ ಲೆಕ್ಕ ತಪ್ಪಬಹುದು. ಕೈ ಉಜ್ಜಿ ಇನ್ನೊಂದು ಬೆರಳಿಗೆ ಹಾಕಿ ನೋಡಿ.

ಈಗ ಚೀಟಿಯಲ್ಲಿ ಬರೆದು ಕೊಟ್ಟಿರುವ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುತ್ತೇನೆ.

"ಸೇದುವ ಪಂಪು ಒಂದು ಸಾರಿ ಹಿಡಿದರೆ ಜೀವನಪೂರ್ತಿ ಬಿಡಲಾಗುವುದಿಲ್ಲವಂತೆ, ನಿಜವೇ?" ನಿಜವಲ್ಲ. ವೈರಸ್ ಜ್ವರದ ನಂತರ ಕೆಲವರಿಗೆ ಎದೆಯಲ್ಲಿ ಸುಯ್ಯೆಂಬ ಶಬ್ದ, ಉಬ್ಬಸ ಬರುತ್ತದೆ. ಅವರಿಗೆ ವೈದ್ಯರು ಇನ್ಹೇಲರ್ ಕೊಡುತ್ತಾರೆ. ಔಷಧಿ ಬೇಕಾದ ಜಾಗಕ್ಕೇ ಹೋಗುವುದರಿಂದ ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣ ಸಾಕು. ಕೆಲವರಿಗೆ ಕೆಲವು ವಾರಗಳಲ್ಲೇ ನಿಲ್ಲಿಸಬಹುದು. ಮೊದಲೇ ಆಸ್ತಮಾ ಇದ್ದವರು ಮುಂದುವರಿಸಬೇಕಾಗುತ್ತದೆ, ಅದು ಪಂಪಿನ ಚಟವಲ್ಲ, ಕಾಯಿಲೆಯ ಸ್ವಭಾವ. ಸ್ಪೇಸರ್ ಎಂಬ ಡಬ್ಬಿ ಜೋಡಿಸಿಕೊಂಡು ಸೇದಿದರೆ ಔಷಧಿ ಚೆನ್ನಾಗಿ ಒಳಗಿಳಿಯುತ್ತದೆ. ಸ್ಟೆರಾಯ್ಡ್ ಇರುವ ಇನ್ಹೇಲರ್ ಆದರೆ ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

"ಹಾಲು ಕುಡಿದರೆ ಕಫ ಹೆಚ್ಚುತ್ತದೆಯೇ?" ಹಾಲು ಕುಡಿದಾಗ ಬಾಯಿಯ ಉಗುಳು ಸ್ವಲ್ಪ ಹೊತ್ತು ಮಂದವಾದಂತೆ ಅನ್ನಿಸುತ್ತದೆ, ಎದೆಯಲ್ಲಿ ಕಫ ಹೆಚ್ಚುವುದಿಲ್ಲ. ಜ್ವರದಲ್ಲಿ ಸೊರಗಿದವರಿಗೆ ಹಾಲು, ಮೊಟ್ಟೆ, ಬೇಳೆ, ಮೊಳಕೆಕಾಳು ಬೇಕೇ ಬೇಕು. ಡೇರಿಗೆ ಹಾಕುವುದರಲ್ಲಿ ಒಂದು ಲೋಟ ಮನೆಯಲ್ಲಿ ಉಳಿಸಿಕೊಳ್ಳಿ. ಆದರೆ ರಾತ್ರಿ ಊಟವಾದ ಕೂಡಲೇ ಮಲಗಬೇಡಿ. ಹೊಟ್ಟೆಯ ಹುಳಿ ಮೇಲಕ್ಕೆ ಬಂದು ಗಂಟಲಿಗೆ ತಾಗಿದರೂ ಕೆಮ್ಮು ಬರುತ್ತದೆ. ಊಟಕ್ಕೂ ಹಾಸಿಗೆಗೂ ನಡುವೆ ಎರಡು ಗಂಟೆಯಾದರೂ ಇರಲಿ, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟುಕೊಳ್ಳಿ.